ಊಟದ ಮನೆಯಲ್ಲಿ ಫಾಡೊ: ಲಿಸ್ಬನ್ನಿನ ಸಂಜೆಯನ್ನು ಅರಿಯುವ ಬಗೆ

ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿನಲ್ಲಿ ಗಿಟಾರಿನ ಪಕ್ಕವಾದ್ಯದೊಡನೆ ಹಾಡುವ ಫಾಡೊ ಗಾಯನವನ್ನು ಅಭ್ಯಾಸ ಮಾಡುವವರು ಅದರ ಧ್ವನಿಮುದ್ರಣಗಳಷ್ಟೇ ಶ್ರದ್ಧೆಯಿಂದ ಅದು ನಡೆಯುವ ಊಟದ ಮನೆಗಳನ್ನೂ ಗಮನಿಸಬೇಕು, ಏಕೆಂದರೆ ಹಾಡಿಗೂ ಊಟಕ್ಕೂ ಅಲ್ಲಿರುವ ನಂಟಿನ ಹಿಂದೆ ಒಂದು ಇತಿಹಾಸವಿದೆ. 19ನೆಯ ಶತಮಾನದ ಮೊದಲ ಭಾಗದಲ್ಲಿ ಫಾಡೊ ಅಲ್ಫಾಮಾ, ಮೊರಾರಿಯಾ ಕೇರಿಗಳ ಹೆಂಡದಂಗಡಿಗಳಲ್ಲಿ ಕೇಳಿಬರುತ್ತಿತ್ತು. 1846ರಲ್ಲಿ ಇಪ್ಪತ್ತಾರರ ಹರೆಯದಲ್ಲೇ ತೀರಿಕೊಂಡ ಮರಿಯಾ ಸೆವೆರಾ ಆ ಕಾಲದ ಹೆಸರಾಂತ ಗಾಯಕಿ. 1926ರ ಸೈನಿಕ ದಂಗೆಯ ಮರುವರ್ಷ ಹೊರಟ ಸರ್ಕಾರಿ ಆಜ್ಞೆಯು ಗಾಯಕರಿಗೆ ವೃತ್ತಿಪರ ಪರವಾನಗಿಯನ್ನು ಕಡ್ಡಾಯಗೊಳಿಸಿ, ಸಾಹಿತ್ಯವನ್ನು ಮುಂಚಿತವಾಗಿ ಸೆನ್ಸಾರಿಗೆ ಒಪ್ಪಿಸಬೇಕೆಂದು ವಿಧಿಸಿತು. ಆಶುಕವಿತ್ವ ಕುಗ್ಗಿತು, ಸಂಬಳದ ಗಾಯಕರು ಬಂದರು, 1930ರ ದಶಕದಲ್ಲಿ ಊಟದ ಜೊತೆಗೆ ಹಾಡು ಕೇಳಿಸುವ ಫಾಡೊ ಮನೆಗಳು ನೆಲೆಯೂರಿದವು. ಇಂದು ಪ್ರವಾಸಿಗರು ಅನಾದಿ ಸಂಪ್ರದಾಯವೆಂದು ಭಾವಿಸುವ ಈ ಏರ್ಪಾಡು ಬಹುಪಾಲು ಆ ಕಟ್ಟಳೆಯ ಫಲ ಎಂಬುದನ್ನು ನಾವು ಮರೆಯಬಾರದು.

ಅಲ್ಫಾಮಾದ ಮೆಸಾ ದೆ ಫ್ರಾದೆಸ್ ಅಂಥ ಮನೆಗಳಲ್ಲೊಂದು. ಹಿಂದೆ ಇದು ಅರಮನೆಯೊಂದಕ್ಕೆ ಸೇರಿದ ಪುಟ್ಟ ಪ್ರಾರ್ಥನಾ ಮಂದಿರವಾಗಿತ್ತು. 18ನೆಯ ಶತಮಾನದ ಚಿತ್ರಬಿಲ್ಲೆಗಳು ಗೋಡೆಗಳ ಮೇಲೆ ಇಂದಿಗೂ ಉಳಿದಿವೆ.

ಇಂಥ ಮನೆಗಳಲ್ಲಿ ಸೊಪ್ಪು, ಆಲೂಗಡ್ಡೆಗಳ ಕಾಲ್ದು ವೆರ್ದೆ ಎಂಬ ಸೂಪು, ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನಿನ ಬಕಲ್ಯಾವು, ವೈನ್ ಬಡಿಸುತ್ತಾರೆ. ದೀಪ ತಗ್ಗಿದೊಡನೆ ಬಡಿಸುವುದು ನಿಲ್ಲುತ್ತದೆ, ಮಾತು ಅಡಗುತ್ತದೆ; ಗಾಯಕರು ಮೂರು ನಾಲ್ಕು ಹಾಡುಗಳನ್ನು ಮುಗಿಸಿದ ಮೇಲೆಯೇ ದೀಪ ಬೆಳಗಿ ಮುಂದಿನ ಬಡಿಸುವಿಕೆ ಆರಂಭವಾಗುವುದರಿಂದ, ಊಟದ ಗತಿಯನ್ನು ನಿರ್ಧರಿಸುವುದು ಹಾಡೇ ಹೊರತು ಅಡುಗೆಮನೆಯಲ್ಲ. ಕಲಾವಿದರಿಗೆ ಸಲ್ಲುವ ಈ ಮನ್ನಣೆ ನನಗೆ ಬಹಳ ಮೆಚ್ಚುಗೆಯಾದುದು.

ಪಕ್ಕವಾದ್ಯದಲ್ಲಿ ಹನ್ನೆರಡು ತಂತಿಗಳ ಪೋರ್ಚುಗೀಸ್ ಗಿಟಾರನ್ನು ಮುಖ್ಯವಾಗಿ ಗಮನಿಸಬೇಕು. ಅದರ ತಂತಿಗಳು ಆರು ಜೋಡಿಗಳಾಗಿರುತ್ತವೆ. ಸಾಮಾನ್ಯ ಗಿಟಾರು ಲಯವನ್ನೂ ಆಧಾರ ಸ್ವರಗಳನ್ನೂ ಹಿಡಿದಿರುವಾಗ, ಇದು ಸಾಲು ಸಾಲಿನ ನಡುವೆ ಕಂಠಕ್ಕೆ ಉತ್ತರ ಕೊಡುತ್ತದೆ. ಸಾಂಪ್ರದಾಯಿಕ ಫಾಡೊದಲ್ಲಿ ಮಟ್ಟು ಮತ್ತು ಸಾಹಿತ್ಯ ಬೇರೆ ಬೇರೆ: ಮೆನೋರ್, ಕೊರೀದು, ಮೊರಾರಿಯಾ ಎಂಬ ಮೂರು ಮೂಲ ಮಟ್ಟುಗಳಿಗೆ ಛಂದಸ್ಸು ಹೊಂದುವ ಯಾವ ಕವಿತೆಯನ್ನಾದರೂ ಕೂಡಿಸಬಹುದು. ಆದ್ದರಿಂದ ಗಾಯಕರು ಮಟ್ಟಿನ ಹೆಸರನ್ನೂ ಶ್ರುತಿಯನ್ನೂ ತಿಳಿಸಿದರೆ ಸಾಕು, ಪೂರ್ವತಯಾರಿಯಿಲ್ಲದೆಯೇ ವಾದಕರು ಹಿಂಬಾಲಿಸಬಲ್ಲರು. ಪೋರ್ಚುಗೀಸ್ ಅರಿಯದ ನಾವು ಮೊದಲು ವಿಷಣ್ಣವಾದ, ನಿಧಾನಗತಿಯ ಮೆನೋರನ್ನು ಚುರುಕಾದ ಕೊರೀದುವಿನಿಂದ ಬೇರ್ಪಡಿಸಿ ಗುರುತಿಸಲು ಕಲಿತು, ಆಮೇಲೆ ಒಂದೇ ಮಟ್ಟನ್ನು ಇಬ್ಬರು ಗಾಯಕರು ಎಲ್ಲಿ ಎಳೆಯುತ್ತಾರೆ, ಎಲ್ಲಿ ತಡೆದು ನಿಲ್ಲುತ್ತಾರೆ ಎಂಬುದನ್ನು ಹೋಲಿಸಿ ಕೇಳುವುದು ಒಳ್ಳೆಯದು.