ಶಟ್‌ಡೌನ್ ಬೇರೆ, ರೀಸ್ಟಾರ್ಟ್ ಬೇರೆ: ಮನೆ ಕಂಪ್ಯೂಟರ್ ರಿಪೇರಿ ಕಲಿಯುವವರಿಗೆ ಟಿಪ್ಪಣಿ

ವಿಂಡೋಸ್ 10 ಅಥವಾ 11 ಇರುವ ಮನೆ ಕಂಪ್ಯೂಟರ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಸಾಫ್ಟ್‌ವೇರ್ ಹಾಕುವುದು, ತೆಗೆಯುವುದು, ಬೇಡದ ಫೈಲ್ ಅಳಿಸುವುದು ಎಲ್ಲರಿಗೂ ಬರುತ್ತದೆ, ಅದನ್ನು ಬಿಟ್ಟಿದ್ದೇನೆ. ನನ್ನ ತಲೆಗೆ ಹತ್ತಲು ಹೊತ್ತು ಹಿಡಿದದ್ದು ಎರಡು ವಿಷಯ. ಶಟ್‌ಡೌನ್ ಒತ್ತಿದಾಗ ಒಳಗೆ ನಿಜಕ್ಕೂ ಏನಾಗುತ್ತದೆ? ಯಾವ ಪ್ರೋಗ್ರಾಂ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100% ಅಂತ ಕೆಂಪಾಗಿ ಕಂಡರೆ ಅದರ ಅರ್ಥವೇನು? ಇವೆರಡನ್ನು ಬಿಡಿಸಿ ಬರೆದಿದ್ದೇನೆ. ಉಳಿದದ್ದು ಚುಟುಕಾಗಿದೆ.

ಆಫ್ ಮಾಡಿ ಆನ್ ಮಾಡುವುದು

ಪ್ರಿಂಟರ್ ಸಿಗ್ತಿಲ್ಲ, ವೈಫೈ ಹಿಡೀತಿಲ್ಲ, ಸೌಂಡ್ ಬರ್ತಿಲ್ಲ. ಯಾರನ್ನು ಕೇಳಿದರೂ ಮೊದಲು ಹೇಳುವುದು ಒಂದೇ: "ಒಂದ್ಸಲ ಆಫ್ ಮಾಡಿ ಆನ್ ಮಾಡಿ." ಸಲಹೆ ಸರಿಯಾಗಿಯೇ ಇದೆ. ಆದರೆ ಅದನ್ನು ಕೇಳಿದವರು ಮಾಡುವುದು ಶಟ್‌ಡೌನ್. ಆಮೇಲೆ ಪವರ್ ಬಟನ್ ಒತ್ತುತ್ತಾರೆ. ತೊಂದರೆ ಹಾಗೇ ಇರುತ್ತದೆ. ಆಗ "ಆಫ್ ಆನ್ ಮಾಡಿ ಆಯ್ತು, ಹಾರ್ಡ್‌ವೇರೇ ಹೋಗಿರಬೇಕು" ಅನ್ನುವ ತೀರ್ಮಾನಕ್ಕೆ ಬರುತ್ತಾರೆ.

ಇಲ್ಲಿರುವ ವಿಷಯ ಫಾಸ್ಟ್ ಸ್ಟಾರ್ಟಪ್. 2012ರಲ್ಲಿ ವಿಂಡೋಸ್ 8 ಜೊತೆ ಬಂತು, 10 ಮತ್ತು 11ರಲ್ಲೂ ಇದೆ, ಸಾಮಾನ್ಯವಾಗಿ ಆನ್ ಆಗಿಯೇ ಬರುತ್ತದೆ. ಇದು ಆನ್ ಇದ್ದಾಗ ಶಟ್‌ಡೌನ್ ಒತ್ತಿದರೆ ನಡೆಯುವುದು ಹೀಗೆ. ಮೊದಲು ನೀವು ತೆರೆದಿದ್ದ ಪ್ರೋಗ್ರಾಂಗಳೆಲ್ಲ ಮುಚ್ಚುತ್ತವೆ. ನಿಮ್ಮ ಅಕೌಂಟ್ ಲಾಗ್‌ಆಫ್ ಆಗುತ್ತದೆ. ಇಲ್ಲಿಯವರೆಗೆ ನಾವು ಅಂದುಕೊಂಡಂತೆಯೇ ಇದೆ. ಆದರೆ ವಿಂಡೋಸ್‌ನ ಒಳಗಿನ ಭಾಗ, ಅಂದರೆ ಕರ್ನಲ್ (ವಿಂಡೋಸ್‌ನ ತಿರುಳು) ಮತ್ತು ಡ್ರೈವರ್‌ಗಳು (ಪ್ರಿಂಟರ್, ವೈಫೈಯಂಥವನ್ನು ನಡೆಸುವ ಚಿಕ್ಕ ಪ್ರೋಗ್ರಾಂಗಳು), ಮುಚ್ಚುವುದಿಲ್ಲ. ಅವು ಆ ಕ್ಷಣದಲ್ಲಿ ಹೇಗಿದ್ದವೋ ಹಾಗೇ ಹೈಬರ್‌ಫಿಲ್ ಡಾಟ್ ಸಿಸ್ ಎಂಬ ಫೈಲಿಗೆ ಬರೆದಿಡಲ್ಪಡುತ್ತವೆ. ಮತ್ತೆ ಆನ್ ಮಾಡಿದಾಗ ವಿಂಡೋಸ್ ಅವನ್ನು ಹೊಸದಾಗಿ ಶುರು ಮಾಡುವುದಿಲ್ಲ, ಆ ಫೈಲನ್ನು ಓದಿ ನಿನ್ನೆಯ ಸ್ಥಿತಿಯನ್ನೇ ಮುಂದುವರಿಸುತ್ತದೆ. ದೋಸೆ ಹಿಟ್ಟನ್ನು ಫ್ರಿಜ್‌ನಲ್ಲಿಟ್ಟ ಹಾಗೆ: ನಿನ್ನೆ ಹುಳಿ ಬಂದಿದ್ದರೆ ಇವತ್ತೂ ಹುಳಿಯೇ. ಪ್ರಿಂಟರ್ ಡ್ರೈವರ್ ನಿನ್ನೆ ರಾತ್ರಿ ಸಿಕ್ಕಿಹಾಕಿಕೊಂಡಿದ್ದರೆ, ಅದೇ ಸ್ಥಿತಿಯಲ್ಲಿ ಬೆಳಿಗ್ಗೆ ಎದ್ದು ಬರುತ್ತದೆ.

ರೀಸ್ಟಾರ್ಟ್ ಹೀಗಲ್ಲ. ರೀಸ್ಟಾರ್ಟ್ ಒತ್ತಿದರೆ ಫಾಸ್ಟ್ ಸ್ಟಾರ್ಟಪ್ ಲೆಕ್ಕಕ್ಕೇ ಬರುವುದಿಲ್ಲ. ಕರ್ನಲ್, ಡ್ರೈವರ್ ಎಲ್ಲ ಪೂರ್ತಿ ಮುಚ್ಚಿ ಮೊದಲಿನಿಂದ ಶುರುವಾಗುತ್ತವೆ. ಹಾಗಾಗಿ ತೊಂದರೆ ಬಂದಾಗ ಒತ್ತಬೇಕಾದದ್ದು ರೀಸ್ಟಾರ್ಟ್. ಹೆಸರು ನೋಡಿದರೆ ಶಟ್‌ಡೌನ್ ದೊಡ್ಡ ಕೆಲಸ, ರೀಸ್ಟಾರ್ಟ್ ಚಿಕ್ಕದು ಅನ್ನಿಸುತ್ತದೆ, ಅಲ್ವಾ? ಇರುವುದು ಅದಕ್ಕೆ ತಿರುಗಾಮುರುಗಾ.

ಇಷ್ಟು ಓದಿದ ಮೇಲೂ ನನಗೆ ಒಂದು ಪ್ರಶ್ನೆ ಬಿಡಲಿಲ್ಲ. ರಾತ್ರಿ ಶಟ್‌ಡೌನ್ ಮಾಡಿ ಗೋಡೆಯ ಸ್ವಿಚ್ಚನ್ನೂ ಆಫ್ ಮಾಡುತ್ತೇವೆ. ಕರೆಂಟೇ ಇಲ್ಲ. ರ‍್ಯಾಮ್ ಅಂದರೆ ಕಂಪ್ಯೂಟರ್ ಓಡುತ್ತಿರುವಾಗ ಬಳಸುವ ತಾತ್ಕಾಲಿಕ ಮೆಮೊರಿ. ಕರೆಂಟ್ ಹೋದರೆ ರ‍್ಯಾಮ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಅಂತ ಪುಸ್ತಕದಲ್ಲೇ ಇದೆ. ಹಾಗಾದರೆ ನಿನ್ನೆಯ ಡ್ರೈವರ್ ಸ್ಥಿತಿ ಎಲ್ಲಿ ಉಳಿಯಿತು? ಉತ್ತರ: ಅದು ರ‍್ಯಾಮ್‌ನಲ್ಲಿ ಉಳಿದೇ ಇಲ್ಲ. ಕರೆಂಟ್ ಹೋಗುವ ಮೊದಲೇ, ಶಟ್‌ಡೌನ್ ಆಗುವ ಆ ಕೆಲವು ಸೆಕೆಂಡುಗಳಲ್ಲಿ, ಅದು ರ‍್ಯಾಮ್‌ನಿಂದ ಡಿಸ್ಕಿಗೆ ಹೋಗಿ ಕೂತಿದೆ. ಡಿಸ್ಕಿನಲ್ಲಿರುವ ಫೈಲಿಗೆ ಕರೆಂಟ್ ಬೇಡ. ಸ್ವಿಚ್ ಆಫ್ ಮಾಡಿ, ವೈರ್ ಕಿತ್ತು ಹಾಕಿ, ವಾರ ಬಿಟ್ಟು ಬನ್ನಿ, ಫೈಲ್ ಅಲ್ಲೇ ಇರುತ್ತದೆ. ಸ್ಲೀಪ್‌ನಲ್ಲಿ ಎಲ್ಲವೂ ರ‍್ಯಾಮ್‌ನಲ್ಲೇ ಇರುತ್ತದೆ, ಅದಕ್ಕೇ ಸ್ಲೀಪ್‌ಗೆ ಸ್ವಲ್ಪ ಕರೆಂಟ್ ಬೇಕೇ ಬೇಕು. ಸ್ಲೀಪ್ ಮತ್ತು ಫಾಸ್ಟ್ ಸ್ಟಾರ್ಟಪ್ ಎರಡನ್ನೂ ಒಂದೇ ಅಂದುಕೊಂಡರೆ ಈ ಗೊಂದಲ ಬಗೆಹರಿಯುವುದಿಲ್ಲ.

ಇದರಿಂದ ಇನ್ನೊಂದು ವಿಚಿತ್ರವೂ ಅರ್ಥವಾಗುತ್ತದೆ. "ಶಟ್‌ಡೌನ್ ಮಾಡಿದ್ರೆ ಸರಿ ಹೋಗ್ಲಿಲ್ಲ, ಮಧ್ಯದಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಸರಿ ಹೋಯ್ತು" ಅಂತ ಹೇಳುವವರಿದ್ದಾರೆ. ಅವರು ಹೇಳುವುದು ನಿಜವೇ ಇರಬಹುದು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ಗೆ ದಿಢೀರ್ ಕರೆಂಟ್ ಹೋದರೆ ಏನನ್ನೂ ಬರೆದಿಡಲು ಸಮಯ ಸಿಗುವುದಿಲ್ಲ. ಮತ್ತೆ ಆನ್ ಆದಾಗ ವಿಂಡೋಸ್ ವಿಧಿಯಿಲ್ಲದೆ ಮೊದಲಿನಿಂದ ಶುರುವಾಗುತ್ತದೆ. ಹಾಗಂತ ಸ್ವಿಚ್ ಕಿತ್ತು ಆಫ್ ಮಾಡುವುದನ್ನು ಅಭ್ಯಾಸ ಮಾಡಿಕೊಳ್ಳಬೇಡಿ. ಬರೆಯುತ್ತಿರುವ ಫೈಲ್ ಅರ್ಧಕ್ಕೆ ನಿಂತು ಹಾಳಾಗಬಹುದು. ರೀಸ್ಟಾರ್ಟ್ ಅದೇ ಕೆಲಸವನ್ನು ಅಪಾಯವಿಲ್ಲದೆ ಮಾಡುತ್ತದೆ.

ನಿಮ್ಮ ಕಂಪ್ಯೂಟರ್‌ನಲ್ಲಿ ಇದು ನಡೆಯುತ್ತಿದೆಯೇ ಅಂತ ಕಣ್ಣಾರೆ ನೋಡಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್‌ಗೆ ಹೋಗಿ ಸಿಪಿಯು ಆರಿಸಿ. ಗ್ರಾಫ್ ಕೆಳಗೆ ಅಪ್ ಟೈಮ್ ಅಂತ ಇರುತ್ತದೆ. ನಾಲ್ಕು ಸಂಖ್ಯೆ: ದಿನ, ಗಂಟೆ, ನಿಮಿಷ, ಸೆಕೆಂಡ್. ದಿನಾ ರಾತ್ರಿ ಶಟ್‌ಡೌನ್ ಮಾಡುವ ಕಂಪ್ಯೂಟರ್‌ನಲ್ಲಿ ಮೊದಲ ಸಂಖ್ಯೆ 0 ಇರಬೇಕು. ಅಲ್ಲಿ 9 ಅಂತಲೋ 20 ಅಂತಲೋ ಇದ್ದರೆ, ಕೊನೆಯ ರೀಸ್ಟಾರ್ಟ್ ಆಗಿ ಅಷ್ಟು ದಿನ ಆಗಿದೆ ಅಂತ. ಒಮ್ಮೆ ರೀಸ್ಟಾರ್ಟ್ ಮಾಡಿ ಮತ್ತೆ ನೋಡಿ, ಸೊನ್ನೆಯಿಂದ ಶುರುವಾಗಿರುತ್ತದೆ. ಬೇರೆಯವರ ಕಂಪ್ಯೂಟರ್ ನೋಡಲು ಹೋದಾಗ ನಾನು ಮೊದಲು ತೆರೆಯುವುದೇ ಈ ಜಾಗ. "ರೀಸ್ಟಾರ್ಟ್ ಮಾಡಿದ್ರಾ?" ಅಂತ ಕೇಳುವುದಕ್ಕಿಂತ ಇದು ವಾಸಿ.

ಪೂರ್ತಿ ಶಟ್‌ಡೌನ್ ಬೇಕಾದಾಗ, ಉದಾಹರಣೆಗೆ ರ‍್ಯಾಮ್ ಬದಲಿಸಲು ಒಳಗೆ ಕೈ ಹಾಕುವ ಮೊದಲು, ಶಿಫ್ಟ್ ಹಿಡಿದುಕೊಂಡು ಶಟ್‌ಡೌನ್ ಕ್ಲಿಕ್ ಮಾಡಿ. ಆ ಒಂದು ಸಲಕ್ಕೆ ಫಾಸ್ಟ್ ಸ್ಟಾರ್ಟಪ್ ಬಿಟ್ಟುಹೋಗುತ್ತದೆ.

ಶಾಶ್ವತವಾಗಿ ತೆಗೆಯುವುದಾದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್, ಎಡಗಡೆ 'ಚೂಸ್ ವಾಟ್ ದ ಪವರ್ ಬಟನ್ಸ್ ಡು'. ಕೆಳಗೆ 'ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್' ಇರುತ್ತದೆ, ಆದರೆ ಮಸುಕಾಗಿ, ಟಿಕ್ ತೆಗೆಯಲು ಆಗದ ಹಾಗೆ. ಮೇಲುಗಡೆ ಚಿಕ್ಕ ಗುರಾಣಿ ಚಿತ್ರದ ಪಕ್ಕ 'ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್' ಅಂತ ನೀಲಿ ಅಕ್ಷರದಲ್ಲಿದೆ. ಅದನ್ನು ಒತ್ತಿದ ಮೇಲೆ ಟಿಕ್ ತೆಗೆಯಬಹುದು. ಸೇವ್ ಮಾಡಿ. ಆ ಸಾಲೇ ಕಾಣದಿದ್ದರೆ ಹೈಬರ್ನೇಟ್ (ಸ್ಥಿತಿಯನ್ನು ಡಿಸ್ಕಿಗೆ ಬರೆದಿಡುವ ಸೌಲಭ್ಯ) ಆಫ್ ಆಗಿದೆ, ಫಾಸ್ಟ್ ಸ್ಟಾರ್ಟಪ್ ಕೂಡ ಇಲ್ಲ ಅಂತಲೇ ಅರ್ಥ.

ತೆಗೆಯಬೇಕಾ? ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಇದ್ದರೆ ತೆಗೆಯಿರಿ ಅನ್ನುತ್ತೇನೆ, ಉಳಿಯುವುದು ಕೆಲವೇ ಸೆಕೆಂಡ್. ಹಳೆಯ ಹಾರ್ಡ್‌ಡಿಸ್ಕ್ ಇದ್ದರೆ ಇಟ್ಟುಕೊಳ್ಳಿ, ಅದಿಲ್ಲದಿದ್ದರೆ ಆನ್ ಆಗಲು ತುಂಬಾ ಹೊತ್ತು ಕಾಯಬೇಕಾಗುತ್ತದೆ. ಬದಲಿಗೆ ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡಿ. ವಿಂಡೋಸ್ ಜೊತೆ ಲಿನಕ್ಸ್ (ಇನ್ನೊಂದು ಆಪರೇಟಿಂಗ್ ಸಿಸ್ಟಂ) ಕೂಡ ಹಾಕಿಕೊಂಡವರು ಮಾತ್ರ ತೆಗೆಯಲೇಬೇಕು. ಇಲ್ಲದಿದ್ದರೆ ವಿಂಡೋಸ್ ಇರುವ ಡ್ರೈವ್ ಲಿನಕ್ಸ್‌ನಲ್ಲಿ ಓದಲು ಮಾತ್ರ ಸಿಗುತ್ತದೆ, ಬರೆಯಲು ಸಿಗುವುದಿಲ್ಲ.

ಡಿಸ್ಕ್ 100% ಅಂದರೆ

ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100% ಇದೆ, ಆದರೆ ಕೆಳಗೆ ನೋಡಿದರೆ ಓದುತ್ತಿರುವುದು ಸೆಕೆಂಡಿಗೆ 1 ಎಂಬಿ ಕೂಡ ಇಲ್ಲ. ಇದು ಹೇಗೆ ಸಾಧ್ಯ? ಆ 100% ವೇಗದ ಲೆಕ್ಕವಲ್ಲ, ಡಿಸ್ಕ್ ತುಂಬಿದೆ ಅಂತಲೂ ಅಲ್ಲ. ಡಿಸ್ಕ್ ಒಂದು ಕ್ಷಣವೂ ಬಿಡುವಿಲ್ಲದೆ ಕೆಲಸದಲ್ಲಿದೆ ಅಂತ ಅಷ್ಟೇ.

ಲೆಕ್ಕ ಹಾಕಿ ನೋಡಿದಾಗ ಇದು ನನಗೆ ನೆಟ್ಟಗೆ ಕೂತಿತು. ಲ್ಯಾಪ್‌ಟಾಪ್ ಹಾರ್ಡ್‌ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಜಾಗ ಹೆಡ್ (ಡಿಸ್ಕನ್ನು ಓದುವ ಮುಳ್ಳು) ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 5.5 ಮಿಲಿಸೆಕೆಂಡ್. ಅದಕ್ಕೂ ಮೊದಲು ಹೆಡ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಬೇಕು, ಅದಕ್ಕೆ ಹತ್ತು ಮಿಲಿಸೆಕೆಂಡಿನ ಆಸುಪಾಸು. ಒಟ್ಟು 15 ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ ಅರವತ್ತು ಎಪ್ಪತ್ತು ಸಲ ಮಾತ್ರ ಓದಲು ಸಾಧ್ಯ. ಪ್ರತಿ ಸಲ 4 ಕೆಬಿ ಚೂರು ಸಿಕ್ಕಿದರೆ ಒಟ್ಟು 300 ಕೆಬಿ ಕೂಡ ಆಗುವುದಿಲ್ಲ. ದೊಡ್ಡ ಸಿನಿಮಾ ಫೈಲನ್ನು ಒಂದೇ ಸಮ ಓದುವಾಗ ಅದೇ ಡಿಸ್ಕ್ ಸೆಕೆಂಡಿಗೆ 100 ಎಂಬಿ ಹತ್ತಿರ ಹೋಗುತ್ತದೆ. ಕಂಪ್ಯೂಟರ್ ಆನ್ ಆಗುವಾಗ ಬೇಕಾಗುವುದು ಮಾತ್ರ ಚೂರುಪಾರು ಫೈಲುಗಳು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಹಾಗಾಗಿ ಈ ಕಾಯುವಿಕೆ ಇಲ್ಲ. ಹಳೇ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಿದರೆ ಹೊಸದರಂತಾಗುತ್ತದೆ ಅನ್ನುವುದು ಇದಕ್ಕೇ.

ಆದರೆ ಅಂಗಡಿಗೆ ಓಡುವ ಮೊದಲು ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ, ಅಂದರೆ ರ‍್ಯಾಮ್ ಬಳಕೆ ನೋಡಿ. 4 ಜಿಬಿ ರ‍್ಯಾಮ್ ಇರುವ ಕಂಪ್ಯೂಟರ್‌ನಲ್ಲಿ ಬ್ರೌಸರ್‌ನ ಹತ್ತಿಪ್ಪತ್ತು ಟ್ಯಾಬ್ ತೆರೆದರೆ ರ‍್ಯಾಮ್ ತುಂಬುತ್ತದೆ. ಜಾಗ ಸಾಲದೆ ವಿಂಡೋಸ್ ಸ್ವಲ್ಪ ಭಾಗವನ್ನು ಡಿಸ್ಕಿನ ಪೇಜ್‌ಫೈಲ್‌ಗೆ ದಾಟಿಸುತ್ತದೆ, ಬೇಕಾದಾಗ ವಾಪಸ್ ತರುತ್ತದೆ. ಆಗ ಡಿಸ್ಕ್ 100% ಕಾಣುತ್ತದೆ, ಆದರೆ ಕೊರತೆ ಇರುವುದು ರ‍್ಯಾಮ್‌ನಲ್ಲಿ. ಮೆಮೊರಿ 85–90% ದಾಟಿದ್ದು ಡಿಸ್ಕೂ 100% ಇದ್ದರೆ ಮೊದಲು ಅನುಮಾನ ರ‍್ಯಾಮ್ ಮೇಲೆ. ಮೆಮೊರಿ ಅರ್ಧ ಖಾಲಿಯಿದ್ದು ಡಿಸ್ಕ್ ಮಾತ್ರ 100% ಇದ್ದರೆ ಡಿಸ್ಕ್ ಮೇಲೆ. ಅದೇ ಮೆಮೊರಿ ಪುಟದಲ್ಲಿ 'ಸ್ಲಾಟ್ಸ್ ಯೂಸ್ಡ್' 1 ಆಫ್ 2 ಅಂತಿದ್ದರೆ ಇನ್ನೊಂದು ರ‍್ಯಾಮ್ ಹಾಕಲು ಜಾಗವಿದೆ. ಡಿಡಿಆರ್3, ಡಿಡಿಆರ್4 ಅನ್ನುವುದು ಬೇರೆ ಬೇರೆ ತಲೆಮಾರಿನ ರ‍್ಯಾಮ್; ಡಿಡಿಆರ್3 ಜಾಗಕ್ಕೆ ಡಿಡಿಆರ್4 ಕೂರುವುದಿಲ್ಲ, ಕೊಳ್ಳುವ ಮೊದಲು ಹಳೆಯದರ ಫೋಟೋ ತೆಗೆದುಕೊಂಡು ಹೋಗಿ.

ಡಿಸ್ಕ್ ಸಾಯುತ್ತಿದೆಯಾ?

ಡಿಸ್ಕ್ ಮೇಲೆ ಅನುಮಾನ ಬಂದರೆ ರಿಪೇರಿಗೆ ಮೊದಲು ಆರೋಗ್ಯ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಹಾರ್ಡ್‌ಡಿಸ್ಕ್ ಆದರೆ 05, ಸಿ5, ಸಿ6 ಈ ಮೂರು ಸಾಲು ನೋಡಿ. 05 ಅಂದರೆ ಕೆಟ್ಟು ಬದಲಾಯಿಸಿದ ಸೆಕ್ಟರ್‌ಗಳು (ಡಿಸ್ಕಿನ ಚಿಕ್ಕ ಚಿಕ್ಕ ಖಾನೆಗಳು), ಸಿ5 ಅಂದರೆ ಓದಲು ತೊಂದರೆ ಕೊಡುತ್ತಿರುವವು, ಸಿ6 ಅಂದರೆ ಸರಿಪಡಿಸಲಾಗದವು. ಇವು ಸೊನ್ನೆ ಬಿಟ್ಟು ಏರುತ್ತಿದ್ದರೆ ಸ್ಕ್ಯಾನ್ ಓಡಿಸಬೇಡಿ. ಕೆಟ್ಟ ಸೆಕ್ಟರ್ ಹುಡುಕಲು ಓಡಿಸುವ ವಿಂಡೋಸ್‌ನ ಚೆಕ್‌ಡಿಸ್ಕ್ (chkdsk /r) ಇಡೀ ಡಿಸ್ಕನ್ನು ಗಂಟೆಗಟ್ಟಲೆ ಓದಿಸುತ್ತದೆ, ಸಾಯುತ್ತಿರುವ ಡಿಸ್ಕಿಗೆ ಅದೇ ಕೊನೆಯ ಹೊಡೆತ ಆಗಬಹುದು. ಮೊದಲು ಫೋಟೋ, ದಾಖಲೆಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿ. ಆಮೇಲೆ ಉಳಿದದ್ದು.

ಡಿಸ್ಕ್ ಚೆನ್ನಾಗಿದ್ದು ವಿಂಡೋಸ್ ಫೈಲುಗಳೇ ಕೆಟ್ಟಿವೆ ಅನ್ನಿಸಿದರೆ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ಡಿಸ್ಮ್‌ನ ರಿಸ್ಟೋರ್‌ಹೆಲ್ತ್ (DISM /Online /Cleanup-Image /RestoreHealth), ನಂತರ ಎಸ್‌ಎಫ್‌ಸಿ ಸ್ಕ್ಯಾನ್‌ನೌ (sfc /scannow) ಓಡಿಸಿ. ಎರಡೂ ವಿಂಡೋಸ್‌ನದೇ ರಿಪೇರಿ ಕಮಾಂಡ್‌ಗಳು. ಈ ಕ್ರಮಕ್ಕೆ ಕಾರಣವಿದೆ. ಎಸ್‌ಎಫ್‌ಸಿ ಕೆಟ್ಟ ಫೈಲಿಗೆ ಬದಲಿಯನ್ನು ತರುವುದು ಕಂಪ್ಯೂಟರ್‌ನೊಳಗಿನ ಒಂದು ದಾಸ್ತಾನಿನಿಂದ. ಆ ದಾಸ್ತಾನನ್ನೇ ಸರಿಮಾಡುವುದು ಡಿಸ್ಮ್.

ಉಳಿದ ಚಿಕ್ಕಪುಟ್ಟವು

ಗಡಿಯಾರ. ಡೆಸ್ಕ್‌ಟಾಪ್ ಪ್ರತಿ ಸಲ ಆನ್ ಮಾಡಿದಾಗ ತಾರೀಕು ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡ್ ಮೇಲಿನ ಬಿಲ್ಲೆ ಬ್ಯಾಟರಿ ಮುಗಿದಿದೆ. ಸಿಆರ್2032, 3 ವೋಲ್ಟ್, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ತಾರೀಕು ತಪ್ಪಿದ್ದರೆ ಬ್ರೌಸರ್ ಪ್ರತಿ ಸೈಟಿಗೂ "ಸುರಕ್ಷಿತವಲ್ಲ" ಅನ್ನುತ್ತದೆ, ಏಕೆಂದರೆ ಸೈಟಿನ ಪ್ರಮಾಣಪತ್ರಕ್ಕೆ ಶುರು ಮತ್ತು ಕೊನೆಯ ದಿನಾಂಕ ಇರುತ್ತದೆ. ಇಂಟರ್‌ನೆಟ್ ಕೆಟ್ಟಿದೆ ಅಂತ ಸುಮ್ನೆ ರೂಟರ್ ಬದಲಿಸಬೇಡಿ, ಮೊದಲು ಕೆಳಗಿನ ಮೂಲೆಯ ತಾರೀಕು ನೋಡಿ.

ಧೂಳು. ಪೂರ್ತಿ ಶಟ್‌ಡೌನ್, ವೈರ್ ಕೀಳುವುದು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯುವುದು, ಆಮೇಲೆ ಮುಚ್ಚಳ ತೆಗೆಯುವುದು. ಬ್ಲೋವರ್ ಹಿಡಿಯುವಾಗ ಫ್ಯಾನನ್ನು ಬೆರಳಿನಿಂದ ತಡೆದಿರಿ. ರ‍್ಯಾಮ್‌ನ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಮೃದುವಾಗಿ ಒರೆಸಿ, ಪುಡಿಯೆಲ್ಲ ಊದಿ, ಎರಡು ಕಡೆಯೂ ಕ್ಲಿಕ್ ಅನ್ನುವಂತೆ ಕೂರಿಸಿ. ಸ್ಕ್ರೀನ್ ಬರದೆ ಬೀಪ್ ಮಾತ್ರ ಬರುವ ಎಷ್ಟೋ ಡೆಸ್ಕ್‌ಟಾಪ್‌ಗಳಿಗೆ ಇಷ್ಟೇ ಸಾಕು. ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ) ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ, ವೈರ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳು ಶಾಕ್ ಹೊಡೆಯಬಲ್ಲವು.

ವೈರಸ್ ಹೆದರಿಕೆ. ಸ್ಕ್ರೀನ್ ತುಂಬಾ ಎಚ್ಚರಿಕೆ ಬಂದು, ಸೈರನ್ ಸದ್ದಾಗಿ, ಕೆಳಗೆ ಫೋನ್ ನಂಬರ್ ಇದ್ದರೆ ಅದು ಮೋಸ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರ್ ಆರಿಸಿ 'ಎಂಡ್ ಟಾಸ್ಕ್' ಕೊಡಿ. ಮನೆಯ ಹಿರಿಯರಿಗೆ ಇದನ್ನು ಒಮ್ಮೆ ಕೂತು ತೋರಿಸಿಕೊಡಿ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ವಿಂಡೋಸ್ 10. ಮೈಕ್ರೋಸಾಫ್ಟ್ ಇದರ ಮಾಮೂಲಿ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದೆ. 11 ಹಾಕಲು ಟಿಪಿಎಂ 2.0 (ಭದ್ರತೆಯ ಚಿಪ್) ಬೇಕು. ಎಷ್ಟೋ ಕಂಪ್ಯೂಟರ್‌ಗಳಲ್ಲಿ ಅದು ಇರುತ್ತದೆ, ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಬರುವ ಮದರ್‌ಬೋರ್ಡ್‌ನ ಸೆಟ್ಟಿಂಗ್ಸ್‌ನಲ್ಲಿ) ಆಫ್ ಆಗಿರುತ್ತದೆ ಅಷ್ಟೇ. ಇಲ್ಲ ಅಂತ ತೀರ್ಮಾನಿಸುವ ಮೊದಲು ಅಲ್ಲಿ ನೋಡಿ.

ಫಾರ್ಮ್ಯಾಟ್ ಮಾಡುವ ಮುಂಚೆ. ಡೆಸ್ಕ್‌ಟಾಪ್ ಮೇಲೆ ಇಟ್ಟ ಫೈಲುಗಳು ಸಿ ಡ್ರೈವ್‌ನಲ್ಲೇ ಇರುತ್ತವೆ, ಅವೂ ಹೋಗುತ್ತವೆ. ಕನ್ನಡದಲ್ಲಿ ಟೈಪ್ ಮಾಡುವವರು ಇನ್ನೊಂದನ್ನು ನೋಡಿಕೊಳ್ಳಬೇಕು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಮಾಡಿದ ಫೈಲುಗಳು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ ಕಾಣುತ್ತವೆ. ಫೈಲ್ ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೇ. ಆದ್ದರಿಂದ ಫೈಲುಗಳ ಜೊತೆ ಸಿ ಡ್ರೈವ್‌ನ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರಿನಿಂದ ಆ ಫಾಂಟ್‌ಗಳನ್ನೂ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ.