ಪದ ಪರಿಚಯ: ಸ್ವಿಮ್ ಬ್ಲಾಡರ್ ತೊಂದರೆ

ಅಕ್ವೇರಿಯಂನಲ್ಲಿ ಸಮುದ್ರದ ಮೀನು ಸಾಕುವವರು ಆಗಾಗ ಹೇಳುವ ಮಾತಿದು: "ಹೊಸ ಮೀನು ತಲೆ ಕೆಳಗೆ ಮಾಡಿ ಈಜ್ತಾ ಇದೆ, ಸ್ವಿಮ್ ಬ್ಲಾಡರ್ ಪ್ರಾಬ್ಲಮ್ ಇರ್ಬೇಕು." ಅಷ್ಟು ಹೇಳಿದರೆ ರೋಗ ಪತ್ತೆಯಾದ ಹಾಗೆ ಅನ್ನಿಸುತ್ತದೆ. ಆದರೆ ಅದು ಕಣ್ಣಿಗೆ ಕಂಡ ಲಕ್ಷಣದ ಹೆಸರು ಮಾತ್ರ. ಅದರ ಹಿಂದೆ ಸೋಂಕು ಇರಬಹುದು, ಪೆಟ್ಟು ಇರಬಹುದು, ಪಂಪಿನ ದೋಷವೂ ಇರಬಹುದು. ಮೀನು ಅಂಗಡಿಯಿಂದ ಬಂದು ಹೆಚ್ಚು ದಿನ ಆಗಿಲ್ಲ ಅಂದರೆ ನಾನು ಮೊದಲು ಕೇಳುವುದು ಒಂದೇ: ಇದನ್ನು ಎಷ್ಟು ಆಳದಲ್ಲಿ ಹಿಡಿದರು, ಎಷ್ಟು ಬೇಗ ಮೇಲೆ ತಂದರು?

ಸ್ವಿಮ್ ಬ್ಲಾಡರ್ ಅಂದರೆ ಬೆನ್ನೆಲುಬಿನ ಕೆಳಗಿರುವ ತೆಳ್ಳನೆಯ ಗಾಳಿಚೀಲ. ಮೀನಿನ ಮಾಂಸ, ಮೂಳೆ ನೀರಿಗಿಂತ ಭಾರ. ಈ ಚೀಲದಲ್ಲಿರುವ ಗ್ಯಾಸ್ ಆ ಭಾರವನ್ನು ಸರಿದೂಗಿಸುತ್ತದೆ. ಹಾಗಾಗಿ ಮೀನು ಮುಳುಗದೆ, ತೇಲದೆ ನಿಂತಲ್ಲೇ ನಿಲ್ಲಬಲ್ಲದು. ಸಿಹಿನೀರಿನ ಮೀನಿನಲ್ಲಿ ಚೀಲ ದೇಹದ ಗಾತ್ರದ ಸುಮಾರು ಶೇ. 7ರಷ್ಟಿರುತ್ತದೆ. ಉಪ್ಪುನೀರು ತಾನೇ ಜಾಸ್ತಿ ಎತ್ತಿಹಿಡಿಯುವುದರಿಂದ ಸಮುದ್ರದ ಮೀನಿಗೆ ಶೇ. 5 ಸಾಕು.

ಗೋಲ್ಡ್‌ಫಿಶ್‌ನಂಥ ಮೀನುಗಳಲ್ಲಿ ಈ ಚೀಲದಿಂದ ಅನ್ನನಾಳಕ್ಕೆ ಒಂದು ಸಣ್ಣ ಕೊಳವೆ ಇರುತ್ತದೆ. ಗ್ಯಾಸ್ ಜಾಸ್ತಿಯಾದರೆ ಬಾಯಿಯ ಮೂಲಕ ಬಿಟ್ಟುಬಿಡುತ್ತವೆ. ಹವಳದ ದಿಬ್ಬಗಳಲ್ಲಿ ಬದುಕುವ ಆಂಥಿಯಸ್, ಏಂಜೆಲ್, ಬಟರ್‌ಫ್ಲೈ, ಡ್ಯಾಮ್ಸೆಲ್ ಮೀನುಗಳಿಗೆ ಆ ಕೊಳವೆಯೇ ಇಲ್ಲ. ಗ್ಯಾಸ್ ಒಳಗೆ ಬರುವುದೂ ರಕ್ತದಿಂದ, ಹೊರಗೆ ಹೋಗುವುದೂ ರಕ್ತಕ್ಕೆ. ಇದು ನಿಧಾನದ ಕೆಲಸ, ನಿಮಿಷಗಳಲ್ಲಿ ಆಗುವಂಥದ್ದಲ್ಲ. ತೊಂದರೆಯ ಬೇರು ಇರುವುದು ಇಲ್ಲೇ.

ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದ ಹಾಗೆ ಒತ್ತಡ ಒಂದು ವಾಯುಮಂಡಲದಷ್ಟು ಏರುತ್ತದೆ. 30 ಮೀಟರ್ ಆಳದಲ್ಲಿ ಅದು ಮೇಲ್ಮೈಯ ನಾಲ್ಕರಷ್ಟು. ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ, ಅಲ್ಲಿಂದ ಮೇಲೆ ತಂದ ಗ್ಯಾಸ್ ನಾಲ್ಕು ಪಟ್ಟು ಹಿಗ್ಗಬೇಕು. ಮೀನಿನ ಹೊಟ್ಟೆಯಲ್ಲಿ ಅಷ್ಟು ಜಾಗ ಎಲ್ಲಿದೆ? ಚೀಲ ಊದಿ ಕರುಳು, ಮೂತ್ರಪಿಂಡಗಳನ್ನು ಒತ್ತುತ್ತದೆ. ಕೆಲವೊಮ್ಮೆ ಹರಿದುಹೋಗುತ್ತದೆ. ಹೊಟ್ಟೆಯ ಒಳಪದರ ಬಾಯಿಂದ ಹೊರಗೆ ಬರುವುದೂ ಉಂಟು, ಕಣ್ಣು ಉಬ್ಬುವುದೂ ಉಂಟು. ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಆಗುವಂತೆ, ರಕ್ತದಲ್ಲಿ ಕರಗಿದ್ದ ಗ್ಯಾಸ್ ಕೂಡ ಗುಳ್ಳೆಯಾಗಿ ಹೊರಬೀಳಬಹುದು. ಇದನ್ನೂ ಬಾಯ್ಲ್ ಅವರೇ ಕಂಡಿದ್ದರು. ಗಾಳಿ ತೆಗೆದ ಪಾತ್ರೆಯಲ್ಲಿಟ್ಟ ಹಾವಿನ ಕಣ್ಣಿನಲ್ಲಿ ಗುಳ್ಳೆಯೊಂದು ಓಡಾಡಿದ್ದನ್ನು 1670ರಲ್ಲಿ ಬರೆದಿದ್ದಾರೆ. ಒತ್ತಡ ಬದಲಾಗಿ ದೇಹಕ್ಕೆ ಆಗುವ ಇಂಥ ಪೆಟ್ಟಿಗೆ ಬ್ಯಾರೊಟ್ರಾಮಾ ಅನ್ನುತ್ತಾರೆ.

ಇದನ್ನು ತಪ್ಪಿಸುವ ಸರಿಯಾದ ದಾರಿ ತಾಳ್ಮೆ. ಹಿಡಿದ ಮೀನನ್ನು ಹಂತ ಹಂತವಾಗಿ, ನಡುನಡುವೆ ನಿಲ್ಲಿಸಿ ಮೇಲೆ ತರಬೇಕು. ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್‌ನವರು ತುಂಬ ಆಳದ ಮೀನುಗಳಿಗಾಗಿ ಒಂದು ಕೊಠಡಿಯನ್ನೇ ಮಾಡಿದ್ದಾರೆ. ನೀರಿನೊಳಗೇ ಅದನ್ನು ಮುಚ್ಚಿ, ಒತ್ತಡ ಹಾಗೇ ಉಳಿಸಿಕೊಂಡು ಮೇಲೆ ತರುತ್ತಾರೆ. ಆಮೇಲೆ ದಿನಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ವ್ಯಾಪಾರಕ್ಕೆ ಮೀನು ಹಿಡಿಯುವವರಿಗೆ ಅಷ್ಟು ಹೊತ್ತು ಸಿಗುವುದಿಲ್ಲ. ಹಾಗಾಗಿ ಇಂಜೆಕ್ಷನ್ ಸೂಜಿಯಿಂದ ಚೀಲ ಚುಚ್ಚಿ ಗ್ಯಾಸ್ ಬಿಡುವ ಪದ್ಧತಿ ಇದೆ. ಪಳಗಿದ ಕೈ, ಶುದ್ಧ ಸೂಜಿ ಇದ್ದರೆ ಮೀನು ಉಳಿಯುತ್ತದೆ. ಇಲ್ಲದಿದ್ದರೆ ಸೋಂಕು ಒಳಗೇ ಬೆಳೆಯುತ್ತದೆ. ಅಂಗಡಿಯಲ್ಲಿ ಚೆನ್ನಾಗಿದ್ದ ಮೀನು ಮನೆಗೆ ಬಂದ ಮೇಲೆ ಕುಸಿಯಲು ಇದೂ ಒಂದು ಕಾರಣ. ಪಾಪ, ಕೊಂಡವರು ತಮ್ಮ ಟ್ಯಾಂಕಿನ ನೀರನ್ನೇ ಬೈದುಕೊಳ್ಳುತ್ತಾರೆ.

ಬಾಲ ಮೇಲೆ, ತಲೆ ಕೆಳಗೆ ಮಾಡಿ ಬಿಡುವಿಲ್ಲದೆ ಈಜುವುದು, ರೆಕ್ಕೆ ನಿಲ್ಲಿಸಿದ ಕೂಡಲೇ ಮೇಲಕ್ಕೆ ತೇಲುವುದು, ದಣಿದು ಕಲ್ಲಿನ ಸಂದಿಯ ಮೇಲ್ಗೋಡೆಗೆ ಒತ್ತಿಕೊಂಡು ನಿಲ್ಲುವುದು, ಇವು ನಿಜವಾದ ತೊಂದರೆಯ ಗುರುತು. ಆಳದಲ್ಲಿ ಬದುಕುವ ಆಂಥಿಯಸ್ ಜಾತಿಗಳಲ್ಲಿ, ಸ್ವಾಲೋಟೇಲ್ ಏಂಜೆಲ್‌ಗಳಲ್ಲಿ ಇದು ಜಾಸ್ತಿ.

ಆದರೆ ವಿಚಿತ್ರವಾಗಿ ಈಜುವುದೆಲ್ಲ ರೋಗವಲ್ಲ. ಹಾಕ್‌ಫಿಶ್‌ಗೆ ಗಾಳಿಚೀಲವೇ ಇಲ್ಲ. ಅದು ಕಲ್ಲಿನಿಂದ ಕಲ್ಲಿಗೆ ಕುಪ್ಪಳಿಸಿ ಕೂರುವುದೇ ಅದರ ಬದುಕು. ಮ್ಯಾಂಡರಿನ್, ಬ್ಲೆನ್ನಿ ಮೀನುಗಳೂ ತಳದಲ್ಲೇ ಇರುತ್ತವೆ. ಕ್ಲೌನ್‌ಫಿಶ್ ಹೊಸ ಟ್ಯಾಂಕಿನಲ್ಲಿ ಮೇಲಿನ ಮೂಲೆ ಹಿಡಿದು ಓಲಾಡುತ್ತಿದ್ದರೆ ಗಾಬರಿ ಬೇಡ. ಪಫರ್ ಮೀನಿನದು ಬೇರೆ ಕಥೆ. ಬಲೆಯಲ್ಲಿ ನೀರಿನಿಂದ ಎತ್ತಿದರೆ ಅದು ಗಾಳಿ ನುಂಗಿ ಊದಿಕೊಳ್ಳುತ್ತದೆ, ಆಮೇಲೆ ಹೊಟ್ಟೆ ಮೇಲಾಗಿ ತೇಲುತ್ತದೆ. ಅದನ್ನು ಡಬ್ಬಿಯಲ್ಲಿ, ನೀರಿನೊಂದಿಗೇ ಸಾಗಿಸಬೇಕು.

ಈಗ ಮನೆಯಲ್ಲಿ ಏನು ಮಾಡಬಹುದು? ಮತ್ತೆ ಆಳಕ್ಕಿಳಿಸಿದರೆ ಸರಿಹೋಗುತ್ತದೆ ಅಲ್ವಾ ಅನ್ನಬಹುದು. ಸಮುದ್ರದಲ್ಲಿ ಅದು ನಿಜ. ಅಮೆರಿಕದ ಕಡೆಯ ಗಲ್ಫ್ ಆಫ್ ಮೆಕ್ಸಿಕೊದಲ್ಲಿ ದಿಬ್ಬದ ಮೀನು ಹಿಡಿಯುವವರು ಬೇಡದ ಮೀನನ್ನು ಆಳಕ್ಕಿಳಿಸುವ ಸಾಧನವನ್ನೋ ಗ್ಯಾಸ್ ಬಿಡುವ ಸೂಜಿಯನ್ನೋ ಇಟ್ಟುಕೊಂಡಿರಬೇಕೆಂಬ ಕಾನೂನು 2022ರಲ್ಲಿ ಜಾರಿಗೆ ಬಂತು. ಎರಡಡಿ ಆಳದ ಟ್ಯಾಂಕಿನ ತಳದಲ್ಲಾದರೋ ಒತ್ತಡ ಶೇ. 6ರಷ್ಟು ಮಾತ್ರ ಹೆಚ್ಚುತ್ತದೆ. ಅದರಿಂದ ಪ್ರಯೋಜನ ಕಡಿಮೆ.

ಮೀನಿಗೆ ಬೇಕಾದದ್ದು ವಿಶ್ರಾಂತಿ. ಬೇರೆ ಟ್ಯಾಂಕು, ಮಂದ ಬೆಳಕು, ನೀರಿನ ಸೆಳೆತ ಕಡಿಮೆ. ಮೀನು ಇದ್ದಲ್ಲಿಗೇ ಆಹಾರ ತಲುಪಿಸಿ. ಚೀಲ ಹರಿಯದೆ ಬರೀ ಊದಿದ್ದರೆ ಗ್ಯಾಸ್ ತಾನಾಗಿ ರಕ್ತಕ್ಕೆ ಹೋಗಿ ಚೇತರಿಸಿಕೊಳ್ಳುವ ಸಾಧ್ಯತೆ ಇದೆ. ಪಂಪು ಎಲ್ಲಾದರೂ ಗಾಳಿ ಎಳೆಯುತ್ತಿದೆಯೇ ನೋಡಿ. ನೀರಿನಲ್ಲಿ ಗ್ಯಾಸ್ ಅತಿಯಾಗಿ ಕರಗಿದರೂ ಕಣ್ಣು, ರೆಕ್ಕೆಗಳಲ್ಲಿ ಗುಳ್ಳೆ ಏಳುತ್ತದೆ. ಬಟಾಣಿ ತಿನ್ನಿಸುವ ಉಪಾಯ ಗೋಲ್ಡ್‌ಫಿಶ್ ಸಾಕುವವರದು, ಇಲ್ಲಿ ಅದರಿಂದ ಉಪಯೋಗವಿಲ್ಲ. ಆಂಟಿಬಯಾಟಿಕ್ ಸುಮ್ನೆ ಸುರಿಯಬೇಡಿ. ವೀಡಿಯೊ ನೋಡಿ ಸೂಜಿಯನ್ನಂತೂ ಹಿಡಿಯಲೇಬೇಡಿ. ಚೀಲದ ಪಕ್ಕದಲ್ಲೇ ಮೂತ್ರಪಿಂಡವಿದೆ. ಚುಚ್ಚಲೇಬೇಕಾದರೆ ಅದು ಮೀನಿನ ಚಿಕಿತ್ಸೆ ಗೊತ್ತಿರುವ ವೈದ್ಯರ ಕೆಲಸ.

ಎಲ್ಲಕ್ಕಿಂತ ಒಳ್ಳೆಯದು ಕೊಳ್ಳುವ ಮೊದಲೇ ನೋಡುವುದು. ಅಂಗಡಿಯಲ್ಲಿ ಐದು ನಿಮಿಷ ಸುಮ್ಮನೆ ನಿಂತು ಗಮನಿಸಿ. ಎದೆಯ ರೆಕ್ಕೆ ನಿಲ್ಲಿಸಿದಾಗ ಮೀನು ಇದ್ದಲ್ಲೇ ಇರುತ್ತದೆಯೋ, ಮೇಲೆ ಹೋಗುತ್ತದೆಯೋ ನೋಡಿ. ನಿಮ್ಮೆದುರೇ ಆಹಾರ ಹಾಕಿಸಿ. ತೇಲುತ್ತಿರುವ ಮೀನನ್ನು ಕನಿಕರದಿಂದ ಕೊಳ್ಳುವ ಆಸೆ ಆಗುತ್ತದೆ. ಆದರೆ ಅದು ಮಾರಾಟವಾದರೆ ಅದೇ ಜಾಗಕ್ಕೆ ಹಾಗೇ ಅವಸರದಲ್ಲಿ ಎಳೆದು ತಂದ ಇನ್ನೊಂದು ಮೀನು ಬರುತ್ತದೆ.