ಚಿಗಟ ನಾಯಿಗಿಂತ ಗೋಣಿಯಲ್ಲೇ ಜಾಸ್ತಿ

"ಡಾಕ್ಟ್ರೇ, ನೀವು ಕೊಟ್ಟ ಔಷಧ ಹಿಡಿಯಲೇ ಇಲ್ಲ. ಹಾಕಿ ವಾರ ಆಯ್ತು, ಮತ್ತೆ ಚಿಗಟ ಓಡಾಡ್ತಾ ಇದೆ. ಇದಕ್ಕಿಂತ ಸ್ಟ್ರಾಂಗ್ ಆಗಿರೋದು ಏನಾದ್ರೂ ಕೊಡಿ."

ನಮ್ಮ ಕೊಡಗಿನಲ್ಲಿ ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬ ಕಳೆಯುವವರೆಗೂ ಈ ಮಾತು ಕೇಳದ ವಾರ ಇರುವುದಿಲ್ಲ. ಹೇಳುವವರೆಲ್ಲ ನಾಯಿ ಮೇಲೆ ಜೀವ ಇಟ್ಟವರೇ. ಅದಕ್ಕೇ ಬೇಜಾರಾಗುತ್ತದೆ. ಔಷಧ ಕೆಲಸ ಮಾಡುತ್ತಿರುವಾಗಲೇ ಅದನ್ನು ಬಿಟ್ಟು ಇನ್ನೊಂದಕ್ಕೆ ಕೈ ಹಾಕುತ್ತಾರೆ.

ನಾನು ಅವರಿಗೆ ತಿರುಗಿ ಕೇಳುವುದು ಒಂದೇ: ನಾಯಿ ಮಲಗೋದು ಎಲ್ಲಿ? ಹೆಚ್ಚಿನವರ ಉತ್ತರವೂ ಒಂದೇ. ಅಡುಗೆಮನೆ ಹಿಂದೆ, ಒಲೆ ಪಕ್ಕ, ಹಳೇ ಕಾಫಿ ಗೋಣಿ ಮೇಲೆ. ಆ ಗೋಣಿ ತೊಳೆದದ್ದು ಯಾವಾಗ ಅಂದರೆ ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಾರೆ.

ಒಂದು ಮನೆಯಲ್ಲಿರುವ ಚಿಗಟವನ್ನೆಲ್ಲ ಲೆಕ್ಕ ಹಾಕಿದರೆ, ನಾಯಿ ಮೈಮೇಲೆ ಕಾಣುವುದು ಹೆಚ್ಚುಕಡಿಮೆ ನೂರಕ್ಕೆ 5 ಭಾಗ. ಉಳಿದದ್ದು ಮೊಟ್ಟೆ, ಮರಿಹುಳ, ಗೂಡಿನ ರೂಪದಲ್ಲಿ ಗೋಣಿಯಲ್ಲಿ, ಹಲಗೆ ನೆಲದ ಸಂದಿಯಲ್ಲಿ, ಸೌದೆ ಕೊಟ್ಟಿಗೆಯ ಧೂಳಿನಲ್ಲಿ ಇರುತ್ತದೆ. ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆಯವರೆಗೂ ಇಡಬಲ್ಲದು. ಹೇನಿನ ಮೊಟ್ಟೆ ಕೂದಲಿಗೆ ಅಂಟಿಕೊಳ್ಳುತ್ತದೆ, ಇದರದ್ದು ಅಂಟುವುದಿಲ್ಲ. ಅರ್ಧ ಮಿಲಿಮೀಟರಿನ ಬಿಳಿ ಕಾಳು, ನಾಯಿ ಮೈ ಕೊಡವಿದರೆ ಸಾಕು, ಉದುರುತ್ತದೆ. ನಾಯಿ ಎಲ್ಲಿ ಜಾಸ್ತಿ ಹೊತ್ತು ಮಲಗುತ್ತದೋ ಅಲ್ಲೇ ಜಾಸ್ತಿ ಬೀಳುತ್ತದೆ.

ನಂಬಿಕೆ ಬರದಿದ್ದರೆ ಒಂದು ಕೆಲಸ ಮಾಡಿ. ನಾಯಿಯನ್ನು ಬಿಳಿ ಬಟ್ಟೆ ಮೇಲೆ ನಿಲ್ಲಿಸಿ, ಬಾಲದ ಬುಡದಲ್ಲಿ ಹೇನು ಬಾಚಣಿಗೆಯಿಂದ ಬಾಚಿ. ಕಪ್ಪು ಪುಡಿ ಉದುರುತ್ತದೆ. ಮಣ್ಣು ಅಂತಲೇ ಎಲ್ಲರೂ ಅಂದುಕೊಳ್ಳುವುದು. ಅದರ ಮೇಲೆ ಎರಡು ಹನಿ ನೀರು ಬಿಟ್ಟು ಸ್ವಲ್ಪ ಹೊತ್ತು ನೋಡಿ. ಸುತ್ತ ತುಕ್ಕಿನ ಬಣ್ಣದ ಕಲೆ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ನಿಮ್ಮ ನಾಯಿಯ ಒಣಗಿದ ರಕ್ತ. ಗೋಣಿಯಲ್ಲಿರುವ ಮರಿಹುಳಕ್ಕೆ ಅದೇ ಊಟ.

ಈಗ ಗೂಡಿನ ವಿಷಯ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕು ಅನಿಸುವುದಿಲ್ಲ. ಮರಿಹುಳ ಬಲಿತ ಮೇಲೆ ರೇಷ್ಮೆಯಂಥ ಎಳೆಯಿಂದ ಗೂಡು ಕಟ್ಟಿಕೊಳ್ಳುತ್ತದೆ. ಗೂಡು ಅಂಟು ಅಂಟಾಗಿರುವುದರಿಂದ ಧೂಳು ಮೆತ್ತಿಕೊಂಡು ಕಣ್ಣಿಗೇ ಕಾಣುವುದಿಲ್ಲ. ಔಷಧ ಅದರೊಳಗೆ ಸರಿಯಾಗಿ ಇಳಿಯುವುದಿಲ್ಲ. ಒಳಗಿರುವ ಚಿಗಟ ತಿಂಗಳುಗಟ್ಟಲೆ ಸುಮ್ನೆ ಕಾಯಬಲ್ಲದು. ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರು ತಾಕಿದರೆ ಹೊರಗೆ ಹಾರುತ್ತದೆ.

ವಿರಾಜಪೇಟೆ ಕಡೆಯ ಒಂದು ಕುಟುಂಬ ಇರುವುದು ಬೆಂಗಳೂರಿನಲ್ಲಿ. ಪುತ್ತರಿ ಸುಗ್ಗಿ ಹಬ್ಬಕ್ಕೆ ಊರಿಗೆ ಬಂದು, ಮಳೆಗಾಲದಿಂದ ಬೀಗ ಹಾಕಿದ್ದ ಮನೆಯ ಬಾಗಿಲು ತೆಗೆದರು. ಹತ್ತು ನಿಮಿಷದಲ್ಲಿ ಮಕ್ಕಳ ಕಾಲಿನ ತುಂಬ ಚಿಗಟ. "ನಾಯಿ ತೋಟದ ಕೆಲಸದವರ ಲೈನ್‌ಮನೆಯಲ್ಲಿ ಬಿಟ್ಟು ಹೋಗಿದ್ವಿ, ಖಾಲಿ ಮನೆಗೆ ಇದು ಬಂದದ್ದು ಎಲ್ಲಿಂದ?" ಅಂತ ಗಾಬರಿಯಲ್ಲಿ ಫೋನ್ ಮಾಡಿದರು. ಎಲ್ಲಿಂದಲೂ ಬಂದದ್ದಲ್ಲ. ಅಲ್ಲೇ ಇತ್ತು, ಜನ ಬರಲಿ ಅಂತ ಕಾಯುತ್ತಿತ್ತು.

ನಿಮ್ಮ ನಾಯಿಯಲ್ಲೂ ಆಗುವುದು ಇದೇ. ಔಷಧ ಹಾಕಿದ ದಿನ ಮೈಮೇಲಿದ್ದದ್ದು ಸಾಯುತ್ತದೆ. ಮಾರನೇ ದಿನ ಗೋಣಿಯಿಂದ ಹೊಸದು ಹತ್ತುತ್ತದೆ, ಅದೂ ಸಾಯುತ್ತದೆ. ಸಾಯುವ ಮೊದಲು ನಿಮ್ಮ ಕಣ್ಣಿಗೆ ಬೀಳುತ್ತದೆ, ಅಷ್ಟೇ. ಗೂಡುಗಳು ಖಾಲಿಯಾಗುವವರೆಗೆ ಹೀಗೇ ನಡೆಯುತ್ತದೆ. ಅದಕ್ಕೇ ಮೂರು ತಿಂಗಳಾದರೂ ಬಿಡದೆ ಮುಂದುವರಿಸಿ ಅನ್ನುವುದು. ಕೊಡಗಿನ ಮಳೆಗಾಲದಲ್ಲಿ ಇನ್ನೂ ಸ್ವಲ್ಪ ಜಾಸ್ತಿಯೇ ಬೇಕಾಗಬಹುದು. ಮರಿಹುಳ ಒಣ ಗಾಳಿಯಲ್ಲಿ ಬದುಕುವುದಿಲ್ಲ, ನಮ್ಮಲ್ಲಿ ಆಗ ಒಣ ಗಾಳಿ ಎಲ್ಲಿದೆ? ಚಳಿ ಬಂದರೆ ತಾನಾಗಿ ಹೋಗುತ್ತದೆ ಅನ್ನುವವರಿದ್ದಾರೆ. ಚಳಿಗೆ ಅದರ ಬೆಳವಣಿಗೆ ನಿಧಾನ ಆಗುತ್ತದೆ, ನಿಜ. ಆದರೆ ಒಲೆ ಪಕ್ಕ ಚಳಿ ಇರುವುದಿಲ್ಲ ಅಲ್ವಾ?

ಹಾಗಾಗಿ ಗೋಣಿಯನ್ನು ಸುಟ್ಟುಬಿಡಿ. ಅದರ ಬದಲು ಹಳೇ ಬೆಡ್‌ಶೀಟ್ ಹಾಸಿ, ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ನೆನೆಸಿ ಒಗೆಯಿರಿ. ಬಿಸಿಲಿಲ್ಲದಿದ್ದರೆ ಒಲೆ ಮೇಲೆ ಕಟ್ಟಿ ಒಣಗಿಸಿ. ನೆಲದ ಸಂದಿ, ಮಂಚದ ಅಡಿ, ಸೋಫಾದ ಮೂಲೆಯನ್ನು ದಿನಾ ಗುಡಿಸಿ, ಆ ಕಸವನ್ನು ಒಲೆಗೇ ಹಾಕಿ. ವ್ಯಾಕ್ಯೂಮ್ ಇದ್ದರೆ ಇನ್ನೂ ಒಳ್ಳೆಯದು. ಅದರ ಅದುರಿಗೆ ಗೂಡಿನೊಳಗಿನ ಚಿಗಟ ಹೊರಗೆ ಬರುತ್ತದೆ. ಮನೆಯ ಎಲ್ಲ ನಾಯಿ ಬೆಕ್ಕುಗಳಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು. ಲೈನ್‌ಮನೆಯ ನಾಯಿ ನಿಮ್ಮ ಜಗಲಿಯಲ್ಲೇ ಮಲಗುವುದಾದರೆ ಅದಕ್ಕೂ ಸೇರಿಸಿ.

ಯಾವ ಔಷಧ, ಎಷ್ಟು ಅನ್ನುವುದನ್ನು ಇಲ್ಲಿ ಬರೆಯಲಾರೆ. ತೂಕ, ವಯಸ್ಸು, ಗರ್ಭ, ಹಿಂದೆ ಫಿಟ್ಸ್ ಬಂದಿದೆಯಾ ಎಲ್ಲವನ್ನೂ ನೋಡಿಯೇ ಹೇಳಬೇಕು. ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇರುವ ನಾಯಿ ಔಷಧವನ್ನು ಮಾತ್ರ ಬೆಕ್ಕಿಗೆ ಮುಟ್ಟಿಸಬೇಡಿ, ಬೆಕ್ಕಿನ ಜೀವವೇ ಹೋಗಬಹುದು. ಗುದದ ಹತ್ತಿರ ಅಕ್ಕಿ ಕಾಳಿನಂಥದ್ದು ಕಂಡರೆ ಅದು ಲಾಡಿಹುಳ. ಚಿಗಟ ನುಂಗಿಯೇ ಬರುವಂಥದ್ದು, ಅದಕ್ಕೆ ಬೇರೆ ಮಾತ್ರೆ ಇದೆ. ಪುಟ್ಟ ಮರಿಗಳ ಒಸಡು ಬಿಳಿಚಿಕೊಂಡಿದ್ದರೆ ನಾಳೆಗೆ ಕಾಯಬೇಡಿ. ಅಷ್ಟು ಸಣ್ಣ ಮೈಯ ರಕ್ತವನ್ನು ಚಿಗಟವೇ ಹೀರಿ ಮುಗಿಸಬಲ್ಲದು.

ನನಗೆ ನಿಜವಾಗಿ ಭಯ ಇರುವುದು 'ಸ್ಟ್ರಾಂಗ್' ಅನ್ನುವ ಮಾತಿನ ಬಗ್ಗೆ. ಮಾತ್ರೆ ಕೊಟ್ಟಿರುತ್ತಾರೆ, ಮೇಲೆ ಪೌಡರ್ ಹಾಕುತ್ತಾರೆ, ಅದೂ ಸಾಲದು ಅಂತ ತೋಟದ ಗೋಡೌನ್‌ನಿಂದ ಕಾಫಿ ಗಿಡಕ್ಕೆ ಹೊಡೆಯುವ ಔಷಧ ತಂದು ನೀರಿಗೆ ಬೆರೆಸಿ ಮೈಗೆ ಸುರಿಯುತ್ತಾರೆ. ಕ್ಲೋರ್‌ಪೈರಿಫಾಸ್‌ನಂಥದ್ದು ಚರ್ಮದಿಂದಲೂ ಒಳಗೆ ಹೋಗುತ್ತದೆ, ನಾಯಿ ಮೈ ನೆಕ್ಕಿಕೊಂಡರೆ ಹೊಟ್ಟೆಗೂ ಹೋಗುತ್ತದೆ. ಬಾಯಲ್ಲಿ ಜೊಲ್ಲು ಸುರಿಯುವುದು, ಮೈ ನಡುಕ, ಏದುಸಿರು ಶುರುವಾದರೆ ಕೈಗೆ ಗ್ಲೌಸ್ ಹಾಕಿಕೊಂಡು ಸೋಪಿನ ನೀರಿನಿಂದ ಬೇಗ ಮೈ ತೊಳೆಯಿರಿ. ಹತ್ತಿರದ ಪಶು ಆಸ್ಪತ್ರೆಗೆ ಫೋನ್ ಮಾಡುತ್ತಲೇ ಹೊರಡಿ. ಔಷಧದ ಡಬ್ಬವನ್ನು ತಪ್ಪದೆ ತನ್ನಿ. ಬೈತಾರೆ ಅಂತ ಅದನ್ನು ಮನೆಯಲ್ಲೇ ಬಿಟ್ಟು ಬರುವವರಿದ್ದಾರೆ. ಯಾರೂ ಬೈಯುವುದಿಲ್ಲ. ಹಾಕಿದ್ದು ಏನು ಅಂತ ಗೊತ್ತಾದರೆ ಸರಿಯಾದ ಇಂಜೆಕ್ಷನ್ ಬೇಗ ಕೊಡಬಹುದು.